ಮರದ ನಾರಿನ ಹಲಗೆ: ಮಧ್ಯಾಹ್ನಕ್ಕೆ ತಂಪು, ರಾತ್ರಿಗೆ ಕಿಟಕಿ ಬೇಕೇ ಬೇಕು

ಬಿಸಿಲಿನ ಶಾಖ ತಡೆಯಲೆಂದು ಶೀಟಿನ ಛಾವಣಿಯ ಅಡಿಗೆ ಮರದ ನಾರಿನ ಹಲಗೆ ಹಾಕಿಸಿ ವರ್ಷಗಳಾದವು. ಈಗಲೂ ಬೇಸಿಗೆಯ ಮಧ್ಯಾಹ್ನ ಮೇಲಿನ ಕೋಣೆಗೆ ಹೋದಾಗಲೆಲ್ಲ ಕೈಯೆತ್ತಿ ಒಳಮೈ ಮುಟ್ಟಿ ನೋಡುತ್ತೇನೆ. ಮೇಲೆ ಶೀಟು ಕೈಯಿಡಲಾರದಷ್ಟು ಕಾದಿರುತ್ತದೆ, ಒಳಗೆ ಮಾತ್ರ ಗೋಡೆಯಷ್ಟೇ ತಣ್ಣಗೆ. ಮೊದಲು ಆ ಹೊತ್ತಿನಲ್ಲಿ ಅಲ್ಲಿ ಕೂರುವ ಮಾತೇ ಇರಲಿಲ್ಲ. ಈಗ ನನ್ನ ಕೆಲಸವೆಲ್ಲ ಅಲ್ಲೇ. ಮಳೆ ಬಂದರೂ ಫೋನಿನಲ್ಲಿ ಮಾತಾಡಬಹುದು.

ಕೊಳ್ಳುವಾಗ ಎಲ್ಲರೂ ನೋಡುವುದು ಉಷ್ಣವಾಹಕತೆಯ ಅಂಕಿ. ಅದರಲ್ಲಿ ಇದು ಥರ್ಮಾಕೋಲ್‌ಗಿಂತ ತುಸು ಹಿಂದೆಯೇ. ಆದರೆ ಶಾಖ ಎಷ್ಟು ಹಾಯುತ್ತದೆ ಎಂದು ಹೇಳುವ ಆ ಅಂಕಿ, ಯಾವಾಗ ಒಳಗೆ ಬರುತ್ತದೆ ಎಂದು ಹೇಳುವುದಿಲ್ಲ. ನನ್ನ ಹಲಗೆ ಘನ ಮೀಟರಿಗೆ ಸುಮಾರು 160 ಕಿಲೋ ತೂಗುತ್ತದೆ, ಥರ್ಮಾಕೋಲ್ 20ರ ಆಸುಪಾಸು. ಒಂದು ಕಿಲೋ ಮರದ ನಾರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 2,100 ಜೂಲ್ ಬೇಕು, ಥರ್ಮಾಕೋಲ್‌ಗೆ 1,450ರಷ್ಟು ಸಾಕು. ಒಂದೇ ದಪ್ಪದಲ್ಲಿ ಇದು ಹತ್ತು ಪಟ್ಟಿಗೂ ಹೆಚ್ಚು ಶಾಖವನ್ನು ತನ್ನೊಳಗೇ ಹಿಡಿದಿಡುತ್ತದೆ. 16 ಸೆಂಟಿಮೀಟರ್ ದಪ್ಪಕ್ಕೆ ಬಿಸಿ ಒಳಗಿಳಿಯಲು ಹತ್ತು ಗಂಟೆಯಷ್ಟು ಬೇಕು. ಥರ್ಮಾಕೋಲ್‌ನಲ್ಲಿ ಮೂರು-ನಾಲ್ಕು ಗಂಟೆಗೆಲ್ಲ ಬಂದುಬಿಡುತ್ತದೆ.

ನನ್ನ ತಕರಾರು ಇರುವುದೂ ಇಲ್ಲೇ. ಮಧ್ಯಾಹ್ನ ಎರಡರ ಬಿಸಿಲು ನಡುರಾತ್ರಿಗೆ ಕೋಣೆಗೆ ಬರುತ್ತದೆ. ಬರುವಷ್ಟರಲ್ಲಿ ಬಹಳಷ್ಟು ಇಳಿದಿರುತ್ತದೆ ನಿಜ, ಆದರೂ ಕಿಟಕಿ ಮುಚ್ಚಿದ್ದರೆ ಅಲ್ಲೇ ಉಳಿಯುತ್ತದೆ. ಮಾರಿದವರು ಈ ಮಾತನ್ನು ಎತ್ತಲೇ ಇಲ್ಲ. ಹೊರಗಿನ ಗಾಳಿ ಒಳಗಿನದಕ್ಕಿಂತ ತಣ್ಣಗಾದ ಮೇಲೆ ಎದುರುಬದುರು ಕಿಟಕಿ ತೆರೆದು, ಬೆಳಿಗ್ಗೆ ಬಿಸಿಲು ಬೀಳುವ ಮೊದಲು ಮುಚ್ಚಿ ಪರದೆ ಎಳೆಯುತ್ತೇನೆ. ಇದೊಂದು ನಿತ್ಯದ ಕೆಲಸವಾಗಿದೆ. ಗಾಳಿಯೇ ಆಡದ ರಾತ್ರಿಗಳು ಸಾಲಾಗಿ ಬಂದರೆ ಹಲಗೆ ಹಿಡಿದ ಶಾಖ ಪೂರ್ತಿ ಇಳಿಯುವುದಿಲ್ಲ, ಮೂರನೆಯ ರಾತ್ರಿಯ ಹೊತ್ತಿಗೆ ಮಲಗುವುದು ಕಷ್ಟ.

ಹಗಲು ಬಳಸುವ ಕೋಣೆಗಾದರೆ ಕಣ್ಣುಮುಚ್ಚಿ ಹಾಕಿಸಿ, ಥರ್ಮಾಕೋಲ್‌ಗಿಂತ ದುಬಾರಿಯಾದರೂ ಕೊಟ್ಟ ಹಣಕ್ಕೆ ಮೋಸವಿಲ್ಲ. ಒಂದೇ ಕಿಟಕಿಯ ಮಲಗುವ ಕೋಣೆಗೆ ಬೇಡ ಅನ್ನುತ್ತೇನೆ. ಚದರ ಮೀಟರಿಗೆ 25 ಕಿಲೋದಷ್ಟು ಭಾರ ಬೀಳುವುದರಿಂದ ಛಾವಣಿಯ ಮರವನ್ನು ತಿಳಿದವರಿಗೆ ತೋರಿಸಿ. ಸೋರುವ ಜಾಗಗಳನ್ನು ಮೊದಲೇ ಮುಚ್ಚಿಸಿ, ನೆನೆದ ನಾರು ಶಾಖವನ್ನು ಸರಾಗವಾಗಿ ಒಳಗೆ ಬಿಡುತ್ತದೆ.