ಸಿಪ್ಯಾನೆಲ್ ಎಪಿಐ ಮೂಲಕ ಡೇಟಾಬೇಸ್ ಅನುಮತಿ: ಒಂದು ವಿಮರ್ಶೆ

ಹೊಸ ಜಾಲತಾಣಗಳನ್ನು ಸ್ಕ್ರಿಪ್ಟ್ ಮೂಲಕವೇ ಸಿದ್ಧಪಡಿಸುವವರಿಗೆ, ಹೋಸ್ಟಿಂಗ್ ಖಾತೆಯನ್ನು ನಿರ್ವಹಿಸುವ ತಂತ್ರಾಂಶವಾದ ಸಿಪ್ಯಾನೆಲ್‌ನ ಯುಎಪಿಐ (ಪ್ರೋಗ್ರಾಂಗಳು ಅದಕ್ಕೆ ನೇರವಾಗಿ ಕೋರಿಕೆ ಕಳುಹಿಸಲು ಇರುವ ಎಪಿಐ) ನಿಜಕ್ಕೂ ಉಪಯುಕ್ತವಾದ ಸೌಲಭ್ಯ. ಡೇಟಾಬೇಸನ್ನೂ ಬಳಕೆದಾರನನ್ನೂ ಸೃಷ್ಟಿಸಿದ ಮಾತ್ರಕ್ಕೆ ಅವೆರಡರ ನಡುವೆ ಸಂಬಂಧ ಏರ್ಪಡುವುದಿಲ್ಲ. ‘ಮೈಎಸ್‌ಕ್ಯೂಎಲ್’ ಮಾಡ್ಯೂಲ್‌ನ ‘ಸೆಟ್ ಪ್ರಿವಿಲೇಜಸ್ ಆನ್ ಡೇಟಾಬೇಸ್’ ಎಂಬ ಫಂಕ್ಷನ್‌ಗೆ ಬಳಕೆದಾರನ ಹೆಸರು, ಡೇಟಾಬೇಸ್‌ನ ಹೆಸರು ಹಾಗೂ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಅನುಮತಿಗಳ ಪಟ್ಟಿಯನ್ನು ಕಳುಹಿಸಿದಾಗಲಷ್ಟೇ ಆ ಕೆಲಸ ಪೂರ್ಣಗೊಳ್ಳುತ್ತದೆ. ಪ್ರಿಫಿಕ್ಸ್ (ಹೆಸರಿಗೆ ಮೊದಲು ಸೇರುವ ಭಾಗ) ಜಾರಿಯಲ್ಲಿರುವ ಸರ್ವರ್‌ನಲ್ಲಿ ಎರಡೂ ಹೆಸರುಗಳು ಖಾತೆಯ ಹೆಸರು ಮತ್ತು ಅಂಡರ್‌ಸ್ಕೋರ್‌ನಿಂದಲೇ ಆರಂಭವಾಗಬೇಕು.

ನಾನು ಬಹಳವಾಗಿ ಮೆಚ್ಚಿಕೊಂಡದ್ದು ಅನುಮತಿಗಳನ್ನು ಬಿಡಿಬಿಡಿಯಾಗಿ ಕೊಡಬಹುದಾದ ಅವಕಾಶವನ್ನು. ವರದಿ ತೆಗೆಯುವ ಪ್ರೋಗ್ರಾಂಗೆ ಡೇಟಾ ಓದಲು ಬಿಡುವ ‘ಸೆಲೆಕ್ಟ್’ ಒಂದೇ ಸಾಕು. ‘ಆಲ್ ಪ್ರಿವಿಲೇಜಸ್’ ಎಂದು ಬರೆದು ಮುಗಿಸುವುದು ಸುಲಭವೇನೋ ಹೌದು. ಆದರೆ ಪಾಸ್‌ವರ್ಡ್ ಸೋರಿಹೋದರೆ ಟೇಬಲ್‌ಗಳನ್ನೇ ಅಳಿಸಿಹಾಕಬಲ್ಲ ‘ಡ್ರಾಪ್’ ಅಧಿಕಾರವೂ ಪರರ ಕೈಸೇರುತ್ತದೆ ಎಂಬುದನ್ನು ಮರೆಯಬಾರದು.

ಎಪಿಐನ ಉತ್ತರ ಜೇಸನ್ (ಪ್ರೋಗ್ರಾಂಗಳು ಸುಲಭವಾಗಿ ಓದಬಲ್ಲ ಪಠ್ಯವಿನ್ಯಾಸ) ರೂಪದಲ್ಲಿ ಬರುತ್ತದೆ. ಕೋರಿಕೆ ವಿಫಲವಾದರೂ ಎಚ್‌ಟಿಟಿಪಿ ಸಂಕೇತ 200 (ಯಶಸ್ಸಿನ ಸೂಚನೆ) ಆಗಿಯೇ ಇರಬಹುದಾದ್ದರಿಂದ, ‘ಸ್ಟೇಟಸ್’ನಲ್ಲಿ 1 ಇದೆಯೋ 0 ಇದೆಯೋ (1 ಎಂದರೆ ಯಶಸ್ಸು, 0 ಎಂದರೆ ವಿಫಲ) ಎಂಬುದನ್ನು ಸ್ಕ್ರಿಪ್ಟ್ ತಪ್ಪದೆ ಪರೀಕ್ಷಿಸಬೇಕು, 0 ಇದ್ದಲ್ಲಿ ಕಾರಣ ‘ಎರರ್ಸ್’ ಭಾಗದಲ್ಲಿ ಸಿಗುತ್ತದೆ. ದೃಢೀಕರಣಕ್ಕೆ ಖಾತೆಯ ಪಾಸ್‌ವರ್ಡ್‌ಗಿಂತ ಎಪಿಐ ಟೋಕನ್ (ಪಾಸ್‌ವರ್ಡ್‌ನ ಬದಲು ಬಳಸುವ ರಹಸ್ಯ ಸಂಕೇತ) ಲೇಸು, ಏಕೆಂದರೆ ಅದನ್ನು ಬೇಕೆಂದಾಗ ರದ್ದುಪಡಿಸಬಹುದು.