ಹಳೆ ಕಾರಿಗೆ ಯಾವ ಸ್ಪಾರ್ಕ್ ಪ್ಲಗ್? ಕಾರವಾರದ ಉಪ್ಪುಗಾಳಿ, ಅರಬೈಲ್ ಘಟ್ಟ ಎರಡನ್ನೂ ಲೆಕ್ಕ ಹಿಡಿದು

ಅಂಬಾಸಿಡರ್, ಪದ್ಮಿನಿ, ಹಳೆ ಜೀಪು ಇಟ್ಟುಕೊಂಡವರು ಟ್ಯೂನಿಂಗ್ ಮಾಡಿಸಲು ಹೊರಟಾಗ ಮೊದಲು ಕೇಳುವುದು ಇರಿಡಿಯಂ ಪ್ಲಗ್ ಹಾಕಿಸಬೇಕಾ ಅಂತ. ಬೇಡ. ಪಾಯಿಂಟ್, ಕಂಡೆನ್ಸರ್ ಇರುವ (ಅಂದರೆ ಎಲೆಕ್ಟ್ರಾನಿಕ್ ಅಲ್ಲದ ಹಳೆ ಇಗ್ನಿಷನ್ನಿನ) ಗಾಡಿಗೆ ನಿಕಲ್ ತುದಿಯ, ತಾಮ್ರದ ತಿರುಳಿನ ಸಾದಾ ಪ್ಲಗ್ಗೇ ಸರಿ. ಇರಿಡಿಯಂನ ಹೆಚ್ಚುಗಾರಿಕೆ ಬಾಳಿಕೆಯಲ್ಲಿ. ವರ್ಷಕ್ಕೆ ಎರಡು ಮೂರು ಸಾವಿರ ಕಿಲೋಮೀಟರ್ ಓಡುವ ಗಾಡಿಗೆ ಆ ಬಾಳಿಕೆ ಉಪಯೋಗಕ್ಕೇ ಬರುವುದಿಲ್ಲ. ಕಾರ್ಬುರೇಟರ್ ಹೆಚ್ಚು ಪೆಟ್ರೋಲ್ ಕುಡಿಸುತ್ತಿದ್ದರೆ ದುಬಾರಿ ಪ್ಲಗ್ಗೂ ಸಾದಾ ಪ್ಲಗ್ಗಿನಷ್ಟೇ ಬೇಗ ಕಪ್ಪಾಗುತ್ತದೆ. ಅದನ್ನು ಉಜ್ಜಲೂ ಆಗದು, ಗ್ಯಾಪ್ (ಕಿಡಿ ಹಾರುವ ಸಂದು) ತಿದ್ದಲು ಹೋದರೆ ಸೂಜಿಯಂಥ ತುದಿ ಮುರಿಯುತ್ತದೆ. ಆ ದುಡ್ಡಿನಲ್ಲಿ ಸಾದಾ ಪ್ಲಗ್ ಎರಡು ಸೆಟ್ ಬರುತ್ತದೆ, ಹೊಸ ರೋಟರ್ ಒಂದಕ್ಕೂ ಮಿಗುತ್ತದೆ.

ಆದರೆ ಸಾದಾ ಪ್ಲಗ್ ಅಂದರೆ ಕೈಗೆ ಸಿಕ್ಕಿದ ಪ್ಲಗ್ ಅಲ್ಲ. ಕೌಂಟರಿನಲ್ಲಿ ಹಳೆಯದನ್ನು ತೋರಿಸಿದರೆ ದಪ್ಪ ನೋಡಿ ‘ಇದೇ ಸೈಜ್’ ಅಂತ ಒಂದನ್ನು ಕೊಡುತ್ತಾರೆ. ಈ ಗಾಡಿಗಳ ಪ್ಲಗ್ಗುಗಳೆಲ್ಲ ಸಾಮಾನ್ಯವಾಗಿ 14 ಮಿ.ಮೀ. ದಪ್ಪದವೇ ಆದ್ದರಿಂದ ಯಾವುದಾದರೂ ತೂತಿಗೆ ಕೂರುತ್ತದೆ. ತಪ್ಪುವುದು ಉದ್ದದಲ್ಲಿ. ಥ್ರೆಡ್ಡಿನ ಉದ್ದ, ಅಂದರೆ ರೀಚ್, 9.5, 12.7, 19 ಹೀಗೆ ಮೂರು ಅಳತೆಯಲ್ಲಿ ಬರುತ್ತದೆ. 19 ಬೇಕಾದಲ್ಲಿ 12.7ರದು ಹಾಕಿದರೆ ಕಿಡಿ ತೂತಿನೊಳಗೇ ಅಡಗುತ್ತದೆ, ಪಿಕಪ್ ಸಾಯುತ್ತದೆ. ಹೆಡ್ಡಿನ (ಪ್ಲಗ್ ಕೂರುವ ಎಂಜಿನ್ನಿನ ಮೇಲ್ಭಾಗ) ಖಾಲಿ ಥ್ರೆಡ್ಡಿಗೆ ಮಸಿ ಕಟ್ಟಿ, ಮುಂದೆ ಸರಿಯಾದ ಪ್ಲಗ್ ತಂದರೂ ಒಳಗೆ ಇಳಿಯದೆ ಥ್ರೆಡ್ಡನ್ನೇ ಹರಿಯುತ್ತದೆ. ಉದ್ದ ಹೆಚ್ಚಾದರೆ ಇನ್ನೂ ಕೆಟ್ಟದ್ದು: ಹೊರಚಾಚಿದ ಥ್ರೆಡ್ ಕೆಂಪಗೆ ಕಾದು ಕಿಡಿಗೆ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ, ಕೆಲವು ಎಂಜಿನ್ನುಗಳಲ್ಲಿ ಪಿಸ್ಟನ್ನಿಗೋ ವಾಲ್ವಿಗೋ ಬಡಿಯುತ್ತದೆ. ಬಿಚ್ಚಿದ ಪ್ಲಗ್ ನೋಡಿ ಅಳತೆ ಹಿಡಿಯುವುದಾದರೂ ಹಿಂದಿನ ಮಾಲೀಕರು ಸರಿಯಾದದ್ದನ್ನೇ ಹಾಕಿದ್ದರು ಅಂತ ನಂಬಬೇಡಿ. ತೆಳು ತಂತಿಯ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ತೂತಿಗಿಳಿಸಿ, ಒಳಗಿನ ಅಂಚಿಗೆ ಸಿಕ್ಕಿಸಿ, ವಾಷರ್ ಕೂರುವ ಮಟ್ಟದಲ್ಲಿ ಉಗುರಿನಿಂದ ಗುರುತು ಹಾಕಿ ತೆಗೆದರೆ ಹೆಡ್ಡಿನ ದಪ್ಪ ಗೊತ್ತಾಗುತ್ತದೆ.

ಇನ್ನು ಹೀಟ್ ರೇಂಜ್, ಅಂದರೆ ಪ್ಲಗ್ ತನ್ನ ಶಾಖವನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಎನ್ನುವುದು. ಹೆಚ್ಚಿನ ಗಾಡಿಗಳು ಎಡವುವುದು ಇಲ್ಲೇ. ಪ್ಲಗ್ಗಿನ ಮೂತಿ ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. 850ರ ಆಸುಪಾಸು ದಾಟಿದರೆ ಮೂತಿಯೇ ಕೆಂಡವಾಗಿ ಹೊತ್ತಿಗೆ ಮುಂಚೆ ಬೆಂಕಿ ಕೊಡುತ್ತದೆ. ಈ ಎರಡರ ನಡುವೆ ಇರಬೇಕು. ಬಿಸಿ ಪ್ಲಗ್ಗಿನಲ್ಲಿ ಪಿಂಗಾಣಿಯ ಮೂತಿ ಉದ್ದ, ಶಾಖ ನಿಧಾನ ಇಳಿಯುತ್ತದೆ. ತಂಪು ಪ್ಲಗ್ಗಿನಲ್ಲಿ ಮೂತಿ ಗಿಡ್ಡ, ಶಾಖ ಬೇಗ ಹೆಡ್ಡಿಗೆ ಹೋಗುತ್ತದೆ. ಇದನ್ನು ಹೇಳುವ ಅಂಕಿ ಮಾತ್ರ ಕಂಪನಿಗೊಂದು ದಿಕ್ಕು. ಎನ್‌ಜಿಕೆ ಮತ್ತು ಡೆನ್ಸೊದಲ್ಲಿ ಅಂಕಿ ದೊಡ್ಡದಾದಷ್ಟೂ ತಂಪು. ಬಾಷ್ ಮತ್ತು ಚಾಂಪಿಯನ್‌ನಲ್ಲಿ ದೊಡ್ಡದಾದಷ್ಟೂ ಬಿಸಿ. ಎನ್‌ಜಿಕೆಯ 6ರ ಬದಲು ಬಾಷ್‌ನ 6 ಕೇಳಿದರೆ ಒಂದು ಮೆಟ್ಟಿಲು ತಂಪಿನದು ಬಂದಿರುತ್ತದೆ.

ಇದಕ್ಕೂ ದೊಡ್ಡ ಗುಂಡಿ ಹಳೆ ಮೈಕೊ ಸ್ಟಾಕ್. ಬೆಂಗಳೂರಿನ ಮೈಕೊ 2008ರಲ್ಲಿ ಬಾಷ್ ಲಿಮಿಟೆಡ್ ಅಂತ ಹೆಸರು ಬದಲಿಸಿತು. ಹಳೆ ಅಂಗಡಿಗಳ ಅಟ್ಟದಲ್ಲಿ ಮೈಕೊ ಡಬ್ಬಿಗಳು ಇನ್ನೂ ಸಿಗುವುದುಂಟು, ಹಳೆ ಗಾಡಿಯವರಿಗೆ ಅದರ ಮೇಲೆ ಮೋಹವೂ ಉಂಟು. ಮಾಲು ಒಳ್ಳೆಯದೇ. ಆದರೆ ಡಬ್ಬಿಯ ಮೇಲೆ ಡಬ್ಲ್ಯೂ145, ಡಬ್ಲ್ಯೂ175, ಡಬ್ಲ್ಯೂ225 ಅಂತಿದ್ದರೆ ಅದು ಹಳೆ ಅಳತೆಗೋಲು, ಅಲ್ಲಿ ಅಂಕಿ ದೊಡ್ಡದಾದಷ್ಟೂ ತಂಪು. ಅದೇ ಕಂಪನಿಯ ಹೊಸ ಅಂಕಿ ತದ್ವಿರುದ್ಧ: ಹಳೆ 175 ಅಂದರೆ ಹೊಸ 7, ಹಳೆ 145 ಅಂದರೆ ಹೊಸ 8. ‘ದೊಡ್ಡ ನಂಬರ್ ಕೊಡಿ’ ಅಂತ ಕೇಳಿದವರಿಗೆ ಡಬ್ಬಿ ಹಳೆಯದೋ ಹೊಸದೋ ಎನ್ನುವುದರ ಮೇಲೆ ಎರಡು ವಿರುದ್ಧ ಮಾಲು ಸಿಗುತ್ತದೆ. ಹಳೆ ಸ್ಟಾಕ್ ಕೊಳ್ಳುವುದಾದರೆ ಥ್ರೆಡ್ಡಿನ ಮೇಲೆ, ವಾಷರ್ ಅಡಿಯಲ್ಲಿ ತುಕ್ಕಿನ ಪುಡಿ ಇದೆಯೇ ನೋಡಿ. ಕರಾವಳಿಯಲ್ಲಿ ಅಷ್ಟು ವರ್ಷ ಕೂತ ಪ್ಲಗ್ ಡಬ್ಬಿಯೊಳಗೇ ತುಕ್ಕು ಹಿಡಿದಿರುವುದು ಸಾಮಾನ್ಯ. ತುಕ್ಕಿದ್ದರೆ ಅದು ಶೋಕೇಸಿಗೆ ಮಾತ್ರ.

ಗಾಡಿವಾರು ಹೇಳುವುದಾದರೆ, 1489 ಸಿಸಿಯ ಅಂಬಾಸಿಡರ್ ಬ್ರಿಟನ್ನಿನ ಬಿ-ಸೀರೀಸ್ ಎಂಜಿನ್ನಿನದು. ಅದಕ್ಕೆ 19 ಮಿ.ಮೀ. ರೀಚ್. ಅದೇ ವಂಶದ ಎಂಜಿನ್ನಿರುವ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿಗೆ ಎಲ್ಲರೂ ಹಾಕುವುದು ಎನ್‌ಜಿಕೆ ಬಿಪಿ6ಇಎಸ್. ಚಾಂಪಿಯನ್‌ನಲ್ಲಿ ಎನ್9ವೈಸಿ, ಬಾಷ್‌ನಲ್ಲಿ ಡಬ್ಲ್ಯೂ7ಡಿಸಿ, ಡೆನ್ಸೊದಲ್ಲಿ ಡಬ್ಲ್ಯೂ20ಇಪಿ ಇದರ ಜೋಡಿ. ಎಂಜಿಬಿಗಿಂತ ಅಂಬಾಸಿಡರ್ ಸಾವಧಾನದ ಎಂಜಿನ್, ಕಂಪ್ರೆಷನ್ ಕಡಿಮೆ. ಹಾಗಾಗಿ ಊರೊಳಗೇ ತಿರುಗುವ ಗಾಡಿಗೆ ಒಂದು ಮೆಟ್ಟಿಲು ಬಿಸಿಯಾದ ಬಿಪಿ5ಇಎಸ್ ಹೊಂದುತ್ತದೆ. ಹಳೆ ವಿಲ್ಲಿಸ್ ಜೀಪಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ನಿಗೆ ಗಿಡ್ಡ 9.5 ಮಿ.ಮೀ. ರೀಚ್, ಅಂದರೆ ಚಾಂಪಿಯನ್‌ನ ‘ಜೆ’ ಸಾಲು. ಅದಕ್ಕೆ ಕಾರಿನ ಪ್ಲಗ್ ಹಾಕಲೇಬಾರದು. ಫೋಕ್ಸ್‌ವ್ಯಾಗನ್ ಬೀಟಲ್‌ಗೆ 12.7 ಮಿ.ಮೀ., ಬಿ6ಎಚ್‌ಎಸ್ ಅಥವಾ ಬಿ5ಎಚ್‌ಎಸ್. ಪದ್ಮಿನಿಯದು ಅಲ್ಯೂಮಿನಿಯಂ ಹೆಡ್, ಥ್ರೆಡ್ ಮೆತ್ತಗೆ. ಮ್ಯಾನ್ಯುಯಲ್ ಇದ್ದರೆ ಅದರಲ್ಲಿರುವ ನಂಬರ್ ಹಿಡಿದು, ಮೇಲೆ ಹೇಳಿದಂತೆ ತಂತಿಯಿಂದ ರೀಚ್ ಅಳೆದು ತಾಳೆ ನೋಡಿಯೇ ಕೊಳ್ಳಿ.

ನಮ್ಮ ಜಿಲ್ಲೆಯಲ್ಲಿ ಎನ್‌ಜಿಕೆಯ 5 ಅಥವಾ 6 ಎನ್ನುವುದನ್ನು ಗಾಡಿ ಓಡುವ ರಸ್ತೆ ತೀರ್ಮಾನಿಸಬೇಕು. ಕಾರವಾರದ ಪೇಟೆ, ಕೋಡಿಬಾಗ, ಮತ್ತೆ ಮನೆ, ಇಷ್ಟೇ ಓಡಾಟವಾದರೆ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ. ತಂಪು ಪ್ಲಗ್ ಮಸಿ ಹಿಡಿಯುತ್ತದೆ. ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರಕ್ಕೆ, ಇಲ್ಲವೇ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ, ಅದೂ ನಾಲ್ಕು ಜನ ಮತ್ತು ಸಾಮಾನು ತುಂಬಿಕೊಂಡು ವಾರವಾರ ಹೋಗುವ ಗಾಡಿಗೆ ಬಿಸಿ ಪ್ಲಗ್ ಅಪಾಯ. ಎರಡನೇ ಗೇರಿನಲ್ಲಿ ಎಳೆಯುವಾಗ ಕಟಕಟ ಬಡಿತ ಕೇಳಿಸಿದರೆ ಮೊದಲು ಕಿಡಿಯ ಟೈಮಿಂಗ್ ನೋಡಿ, ಆಮೇಲೆ ಪ್ಲಗ್. ಎರಡೂ ಬಗೆಯ ಓಡಾಟ ಇದ್ದರೆ 6ನ್ನೇ ಇಟ್ಟುಕೊಳ್ಳಿ. ಮಸಿ ಹಿಡಿದ ಪ್ಲಗ್ಗನ್ನು ಉಜ್ಜಬಹುದು, ತೂತಾದ ಪಿಸ್ಟನ್ನಿಗೆ ಅಂಥ ಉಪಾಯವಿಲ್ಲ.

ಎನ್‌ಜಿಕೆ ಹೆಸರಿನಲ್ಲಿ ‘ಪಿ’ ಇದ್ದರೆ ಮೂತಿ ಹೊರಚಾಚಿದ್ದು. ನಿಧಾನ ಓಡಾಟದಲ್ಲಿ ಬೇಗ ಕಾಯುತ್ತದೆ, ವೇಗದಲ್ಲಿ ಒಳಬರುವ ತಣ್ಣನೆ ಪೆಟ್ರೋಲ್ ಗಾಳಿ ಅದನ್ನು ತಂಪಿಡುತ್ತದೆ. ಜಾಗ ಇರುವ ಎಂಜಿನ್ನಿನಲ್ಲಿ ಇದು ಒಳ್ಳೆಯ ಆಯ್ಕೆ. ‘ಆರ್’ ಇದ್ದರೆ ಒಳಗೆ ಸುಮಾರು 5 ಕಿಲೋ ಓಮ್‌ನ ರೆಸಿಸ್ಟರ್. ಬಿಪಿ6ಇಎಸ್ ಸಿಗದೆ ಬಿಪಿಆರ್6ಇಎಸ್ ಸಿಕ್ಕಿದರೆ ಹಿಂಜರಿಯಬೇಕಿಲ್ಲ, ಗಾಡಿ ಓಡುತ್ತದೆ, ರೇಡಿಯೋದ ಗರಗರವೂ ನಿಲ್ಲುತ್ತದೆ. ಆದರೆ ಕಾರ್ಬನ್ ವಯರ್, ರೆಸಿಸ್ಟರ್ ಇರುವ ಕ್ಯಾಪ್, ಮೇಲೆ ರೆಸಿಸ್ಟರ್ ಪ್ಲಗ್ ಹೀಗೆ ಮೂರೂ ಸೇರಿ, ಕಾಯಿಲ್ ಬೇರೆ ಮುದಿಯಾದರೆ ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಆಗುವುದು ಕಷ್ಟ. ಮೂರರಲ್ಲಿ ಒಂದು ಕಡೆ ಮಾತ್ರ ರೆಸಿಸ್ಟರ್ ಸಾಕು. ಎರಡು, ನಾಲ್ಕು ಕೊಂಬಿನ (ನಡುಕಂಬಿಯ ಎದುರು ಬಾಗಿರುವ ಹೊರ ತುದಿ) ಪ್ಲಗ್ಗುಗಳ ಬಗ್ಗೆ ಹೇಳುವಂಥದ್ದಿಲ್ಲ. ಕಿಡಿ ಹಾರುವುದು ಒಂದು ಸಲಕ್ಕೆ ಒಂದೇ ಕೊಂಬಿಗೆ.

ನಕಲಿ ಮಾಲು ಎಲ್ಲ ಕಡೆ ಇದೆ. ಅಸಲಿ ಎನ್‌ಜಿಕೆಯಲ್ಲಿ ವಾಷರ್ ಕೈಯಿಂದ ತಿರುಗಿಸಿದರೆ ಸುಲಭವಾಗಿ ಕಳಚಿ ಬರುವುದಿಲ್ಲ. ಬಂದರೆ ವಾಪಸ್ ಕೊಡಿ. ನಡುವಿನ ಕಂಬಿ ಪಿಂಗಾಣಿಯ ನಟ್ಟನಡುವೆ ಇರಬೇಕು, ಮೇಲಿನ ಕೊಂಬು ಅದರ ನೆತ್ತಿಗೆ ಸರಿಯಾಗಿ ಬರಬೇಕು. ಅಚ್ಚು ಉಗುರಿಗೆ ಅಳಿಸಬಾರದು. ‘ಆರ್’ ಅಂತ ಬರೆದ ಪ್ಲಗ್ಗಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿದಾಗ ಸೊನ್ನೆ ತೋರಿಸಿದರೆ ಒಳಗೆ ರೆಸಿಸ್ಟರೇ ಇಲ್ಲ ಎಂದರ್ಥ. ಇನ್ನೊಂದು, ತಲೆಯ ನಟ್ಟು: ಕೆಲವು ಹಳೆ ವಯರುಗಳಿಗೆ ಬರಿ ಥ್ರೆಡ್ ಬೇಕು, ಕೆಲವಕ್ಕೆ ಗುಂಡು ನಟ್ಟು ಬೇಕು. ಬಿಚ್ಚಿ ಹಾಕಬಹುದಾದ ನಟ್ಟಿರುವುದನ್ನೇ ತೆಗೆದುಕೊಂಡರೆ ಎರಡಕ್ಕೂ ಆಗುತ್ತದೆ. ನಟ್ಟನ್ನು ಇಕ್ಕಳದಿಂದ ಬಿಗಿ ಮಾಡಲು ಮರೆಯಬೇಡಿ, ಸಡಿಲವಿದ್ದರೆ ಮಿಸ್ ಹೊಡೆಯುತ್ತದೆ.

ಹಾಕುವ ಕೆಲಸ ಎಂಜಿನ್ ತಣ್ಣಗಿದ್ದಾಗ. ಅಲ್ಯೂಮಿನಿಯಂ ಹೆಡ್ಡಿಗೆ ಇದು ಕಡ್ಡಾಯ. ವಯರುಗಳಿಗೆ ನಂಬರ್ ಹಾಕಿ. ಅಂಬಾಸಿಡರ್‌ನಲ್ಲಿ ರೇಡಿಯೇಟರ್ ಕಡೆಯದು ಒಂದು, ಕಿಡಿಯ ಕ್ರಮ 1-3-4-2. ಪ್ಲಗ್ ಬಿಚ್ಚುವ ಮೊದಲು ಸೈಕಲ್ ಪಂಪಿನಿಂದ ಸುತ್ತಲ ಧೂಳು ಊದಿ, ಇಲ್ಲದಿದ್ದರೆ ಮರಳೆಲ್ಲ ಸಿಲಿಂಡರಿಗೆ. ಪಾಯಿಂಟ್ ಇರುವ ಅಂಬಾಸಿಡರ್‌ಗೆ ಪ್ಲಗ್ ಗ್ಯಾಪ್ 0.64 ಮಿ.ಮೀ., ಅಂದರೆ ಹಳೆ ಮೆಕ್ಯಾನಿಕ್‌ಗಳ ಬಾಯಲ್ಲಿ 25 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ). ಜೀಪಿಗೆ 30 ಥೌ. ಡಬ್ಬಿಯಿಂದ ತೆಗೆದ ಪ್ಲಗ್ಗಿನ ಗ್ಯಾಪ್ ಬೇರೆ ಗಾಡಿಗೆಂದು ಹೆಚ್ಚಿಟ್ಟಿರಬಹುದು, ನಾಲ್ಕನ್ನೂ ಫೀಲರ್ ಗೇಜಿನಿಂದ ಅಳೆಯಿರಿ. ಬಗ್ಗಿಸುವುದು ಹೊರಕೊಂಬನ್ನು ಮಾತ್ರ, ನಡುಕಂಬಿಯನ್ನು ಮುಟ್ಟಬಾರದು. ಗ್ಯಾಪ್ ಹೆಚ್ಚಿದ್ದರೆ ಘಟ್ಟದಲ್ಲಿ ಆಕ್ಸಿಲರೇಟರ್ ಒತ್ತಿದಾಗಲೇ ಮಿಸ್ಸಿಂಗ್ ಶುರುವಾಗುತ್ತದೆ, ಸಮತಟ್ಟಿನಲ್ಲಿ ಗೊತ್ತಾಗದು. ಪ್ಲಗ್ಗಿನ ತಲೆಗೆ ರಬ್ಬರ್ ಪೈಪಿನ ತುಂಡು ಸಿಕ್ಕಿಸಿ ಬೆರಳಲ್ಲಿ ತಿರುಗಿಸಿ. ಥ್ರೆಡ್ ಓರೆ ಹಿಡಿದರೆ ಪೈಪೇ ಜಾರುತ್ತದೆ, ಹೆಡ್ ಉಳಿಯುತ್ತದೆ. ವಾಷರ್ ತಾಗಿದ ಮೇಲೆ ಪ್ಲಗ್ ಪಾನಾದಿಂದ ಹೊಸದಕ್ಕೆ ಅರ್ಧದಿಂದ ಮೂರನೇ ಎರಡು ಸುತ್ತು. ಹಳೆಯದನ್ನೇ ಮರಳಿ ಹಾಕುವಾಗ ಗಡಿಯಾರದ ಗಂಟೆಯ ಮುಳ್ಳು ಒಂದು ಗಂಟೆಯಲ್ಲಿ ಸರಿದಷ್ಟು ಮಾತ್ರ. ಟಾರ್ಕ್ ಪಾನಾ ಇದ್ದರೆ ಅಲ್ಯೂಮಿನಿಯಂ ಹೆಡ್ಡಿಗೆ 25ರಿಂದ 30 ನ್ಯೂಟನ್ ಮೀಟರ್. ಥ್ರೆಡ್ಡಿಗೆ ಗ್ರೀಸ್ ಬಳಿಯುವ ಅಭ್ಯಾಸ ಬಿಡಿ, ಜಾರುವುದರಿಂದ ಅದೇ ಬಲಕ್ಕೆ ಬಿಗಿ ಮಿತಿಮೀರುತ್ತದೆ.

ಮಳೆಗಾಲದಲ್ಲಿ ಪ್ಲಗ್ ಮೇಲೆ ಬರುವ ದೂರುಗಳಲ್ಲಿ ಹಲವು ಪ್ಲಗ್ಗಿನದಲ್ಲ. ಪಿಂಗಾಣಿಯ ಹೊರಮೈಮೇಲೆ ಉಪ್ಪಿನ ತೇವದ ಪದರ ಕೂತರೆ ಕಿಡಿ ಒಳಗೆ ಹಾರುವ ಬದಲು ಹೊರಗಿಂದಲೇ ಹೆಡ್ಡಿಗೆ ಇಳಿಯುತ್ತದೆ. ಕತ್ತಲಲ್ಲಿ ಬಾನೆಟ್ ತೆಗೆದು ಎಂಜಿನ್ ಓಡಿಸಿದರೆ ನೀಲಿ ಗೆರೆ ಕಾಣುತ್ತದೆ. ಒಣಬಟ್ಟೆಗೆ ಸ್ವಲ್ಪ ಥಿನ್ನರ್ ಹಾಕಿ ಪಿಂಗಾಣಿ ಒರೆಸಿ, ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಹೊರಗೂ ಒರೆಸಿ, ಬಿರಿದ ರಬ್ಬರ್ ಬೂಟು ಬದಲಿಸಿ. ಆಮೇಲೂ ಮಿಸ್ ಇದ್ದರೆ ಮಾತ್ರ ಪ್ಲಗ್ಗಿಗೆ ದುಡ್ಡು ಹಾಕಿ. ಪಾಸಿಟಿವ್ ಅರ್ಥ್ (ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಜೋಡಿಸಿದ್ದು) ಇದ್ದ ಹಳೆ ಗಾಡಿಯನ್ನು ನೆಗೆಟಿವ್‌ಗೆ ತಿರುಗಿಸಿದ್ದರೆ ಕಾಯಿಲ್ ವಯರನ್ನೂ ನೋಡಿ: ಕಾಯಿಲಿನ ಮೈನಸ್ ತುದಿಯೇ ಡಿಸ್ಟ್ರಿಬ್ಯೂಟರಿಗೆ ಹೋಗಿರಬೇಕು. ಉಲ್ಟಾ ಇದ್ದರೆ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ.

ಆರಿಸಿದ್ದು ಸರಿಯೋ ತಪ್ಪೋ ಎನ್ನುವುದನ್ನು ಪ್ಲಗ್ಗಿನ ಮುಖವೇ ಹೇಳುತ್ತದೆ. ಅರಬೈಲ್ ಹತ್ತಿ ಮುಗಿದ ಮೇಲೆ ರಸ್ತೆ ಬದಿ ಅಗಲವಿರುವಲ್ಲಿ ನಿಲ್ಲಿಸಿ, ಐಡಲ್‌ನಲ್ಲಿ ಬಿಡದೆ ಕೂಡಲೇ ಆಫ್ ಮಾಡಿ. ತಣಿದ ಮೇಲೆ ಬಿಚ್ಚಿದರೂ ಬಣ್ಣ ಹಾಗೇ ಇರುತ್ತದೆ. ತಿಳಿ ಕಂದು ಅಥವಾ ಬೂದು ಕಂದು ಇದ್ದರೆ ಸರಿ. ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಚೋಕ್ ಸಿಕ್ಕಿಕೊಂಡಿದೆ, ಇಲ್ಲವೇ ಪ್ಲಗ್ ತಂಪು. ಎಣ್ಣೆಯಿಂದ ಒದ್ದೆಯಾಗಿದ್ದರೆ ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿದೆ, ಪ್ಲಗ್ ಬದಲಿಸಿ ಉಪಯೋಗವಿಲ್ಲ. ನಾಲ್ಕರಲ್ಲಿ ಒಂದೇ ಬೇರೆ ಬಣ್ಣವಿದ್ದರೆ ಆ ಸಿಲಿಂಡರನ್ನೇ ಹುಡುಕಿ. ಬಿಳಿ, ಗುಳ್ಳೆ ಎದ್ದ ಪಿಂಗಾಣಿ ಕಂಡರೆ ಗಾಡಿ ಓಡಿಸುವುದು ನಿಲ್ಲಿಸಿ. ಈಗಿನ 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಹಳೆ ಜೆಟ್ಟಿನ ಕಾರ್ಬುರೇಟರ್ ಸ್ವಲ್ಪ ಬಡವಾಗಿಯೇ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಓಡುವುದರಿಂದ ಪ್ಲಗ್ ಮೊದಲಿಗಿಂತ ಬೆಳ್ಳಗೆ ಕಾಣುತ್ತದೆ. ಅದಕ್ಕೆ ಮದ್ದು ತಂಪು ಪ್ಲಗ್ ಅಲ್ಲ, ಕಾರ್ಬುರೇಟರ್ ಹೊಂದಿಸುವುದು. ಮ್ಯಾನಿಫೋಲ್ಡ್ ಬಳಿ ಗಾಳಿ ಸೋರುತ್ತಿದೆಯೇ ಅಂತಲೂ ನೋಡಿ.

ಸಾದಾ ಪ್ಲಗ್ಗನ್ನು 15ರಿಂದ 20 ಸಾವಿರ ಕಿಲೋಮೀಟರಿಗೆ ಬದಲಿಸಿದರೆ ಸಾಕು. ನಡುವೆ ಒಮ್ಮೆ ಬಿಚ್ಚಿ, ತುದಿಗಳನ್ನು ಸಣ್ಣ ಅರದಿಂದ ಚಪ್ಪಟೆ ಮಾಡಿ ಗ್ಯಾಪ್ ತಿದ್ದಿ. ಒಳಗಿನ ಪಿಂಗಾಣಿಗೆ ತಂತಿ ಬ್ರಶ್ ತಾಗಿಸಬೇಡಿ, ಲೋಹದ ಗೆರೆ ಬಿದ್ದು ಕಿಡಿ ಅದರಲ್ಲೇ ಸೋರುತ್ತದೆ. ಗ್ಯಾರೇಜಿನ ಮರಳು ಯಂತ್ರದಲ್ಲಿ ಉಜ್ಜಿಸಿದರೆ ಚೆನ್ನಾಗಿ ಊದಿಸಿ, ಸಂದಿಯಲ್ಲಿ ಉಳಿದ ಒಂದು ಕಾಳು ಸಿಲಿಂಡರ್ ಗೀರಲು ಸಾಕು. ಗ್ಯಾಪ್ ಹೊಂದಿಸಿದ ಇನ್ನೊಂದು ಸೆಟ್, ಪ್ಲಗ್ ಪಾನಾ, ರಬ್ಬರ್ ಪೈಪಿನ ತುಂಡು ಇಷ್ಟನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣದೊಂದಿಗೆ ಡಿಕ್ಕಿಯಲ್ಲಿಡಿ. ರಟ್ಟಿನ ಪೆಟ್ಟಿಗೆಯಲ್ಲಿಟ್ಟರೆ ಒಂದೇ ಮಳೆಗಾಲಕ್ಕೆ ಹೊಸ ಪ್ಲಗ್ಗೂ ತುಕ್ಕು.