ಹಳೆಯ ಸ್ಯಾನ್ ಸ್ಟಾರ್ಮ್‌ಗೆ ಮೈಸೂರಿನಲ್ಲಿ ಮಾಡಿಸಿದ ಬಾಗಿಲ ಪ್ಯಾನೆಲ್: ನಾಲ್ಕು ಮಳೆಗಾಲದ ಅನುಭವ

ಬಾಗಿಲಿನ ಒಳಮೈ ಮುಚ್ಚುವ ಈ ಪ್ಯಾನೆಲ್‌ಗಳನ್ನು ಕೂರಿಸಿದ್ದು 2021ರ ನವೆಂಬರ್‌ನಲ್ಲಿ. ಅಲ್ಲಿಂದ ಈಚೆಗೆ ಕಾರು ಸುಮಾರು 13,000 ಕಿಲೋಮೀಟರ್ ಓಡಿದೆ, ನಾಲ್ಕು ಮಳೆಗಾಲ ಕಂಡಿದೆ. ಹೊಸದರಲ್ಲಿ ಎಲ್ಲ ಪ್ಯಾನೆಲ್‌ಗಳೂ ಚೆನ್ನಾಗಿಯೇ ಕಾಣುತ್ತವೆ. ಅದಕ್ಕೇ ಇಷ್ಟು ದಿನ ಬರೆಯಲು ಕೈ ಹಾಕಿರಲಿಲ್ಲ.

ಸ್ಯಾನ್ ಸ್ಟಾರ್ಮ್ ಎಂದರೆ ಇಂದಿನ ಹುಡುಗರಿಗೆ ಗೊತ್ತಾಗುವುದು ಕಷ್ಟ. ಬೆಂಗಳೂರಿನ ಸ್ಯಾನ್ ಮೋಟರ್ಸ್ 1990ರ ದಶಕದ ಕೊನೆಯಲ್ಲಿ ತಂದ ಎರಡು ಸೀಟಿನ, ಬಟ್ಟೆಯ ಚಾವಣಿ ಮಡಚಬಹುದಾದ ಪುಟ್ಟ ಕಾರು ಅದು. ರೆನೋದ 1149 ಸಿಸಿ ಪೆಟ್ರೋಲ್ ಎಂಜಿನ್, 60 ಅಶ್ವಶಕ್ತಿ, ಮೈ ಪೂರ್ತಿ ಫೈಬರ್‌ಗ್ಲಾಸ್. ಅಂಕಿಯಲ್ಲಿ ದೊಡ್ಡದೇನೂ ಅಲ್ಲ. ಆದರೆ ಬೆಳಗಿನ ಆರು ಗಂಟೆಗೆ ಚಾವಣಿ ಮಡಚಿ ಚಾಮುಂಡಿ ಬೆಟ್ಟ ಹತ್ತಿದವರಿಗೆ ಅದರ ಬೆಲೆ ಗೊತ್ತು. ತಯಾರಿಕೆ ನಿಂತು ವರ್ಷಗಳಾಗಿವೆ. ಎಂಜಿನ್ನಿನ ಕೆಲಸವನ್ನು ಹೇಗೋ ನಿಭಾಯಿಸಬಹುದು. ಒಳಗಿನ ಪ್ಯಾನೆಲ್ ಬೇಕೆಂದರೆ ಮಾಡಿಸಿಕೊಳ್ಳುವುದೊಂದೇ ದಾರಿ.

ಮೊದಲು ನಗರದ ಒಂದು ಸೀಟ್ ಕವರ್ ಅಂಗಡಿಗೆ ಕೊಟ್ಟೆ. ಮೂರೇ ದಿನದಲ್ಲಿ ಮಾಡಿಕೊಟ್ಟರು, ನೋಡಲು ಅಂದವಾಗಿತ್ತು. ಒಳಗೆ ಹಾಕಿದ್ದು ಮಾತ್ರ ಹಾರ್ಡ್‌ಬೋರ್ಡ್. ಮರದ ನಾರನ್ನು ಒತ್ತಿ ಮಾಡಿದ ಆ ಹಲಗೆ ಅಂಚಿನಿಂದ ನೀರು ಹೀರಿಕೊಳ್ಳುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯಿತು. ಆಗಸ್ಟ್ ಹೊತ್ತಿಗೆ ಎರಡೂ ಬಾಗಿಲಿನ ಕೆಳಭಾಗ ನೆನೆದ ಹಪ್ಪಳದ ಹಾಗೆ ಉಬ್ಬಿ, ಕ್ಲಿಪ್ ಹಿಡಿದಿದ್ದ ಜಾಗಗಳು ಹಿಟ್ಟಾಗಿ ಉದುರಿದವು. ಕೇಳಲು ಹೋದರೆ ‘ಬಟ್ಟೆಯ ಚಾವಣಿಯ ಕಾರಲ್ಲವೇ, ನೀರು ಬಂದೇ ಬರುತ್ತದೆ’ ಎಂದರು. ಕೊಟ್ಟ ದುಡ್ಡಿಗಿಂತ ಆ ಮಾತು ಹೆಚ್ಚು ನೋಯಿಸಿತು.

ಎರಡನೆಯ ಸಲ ಕೆಲಸ ಮಾಡಿಕೊಟ್ಟವರು ಬನ್ನಿಮಂಟಪದ ಕಡೆ ಸಣ್ಣ ಶೆಡ್ಡಿನಲ್ಲಿ ಕುಳಿತು ಹೊಲಿಯುವ ಹಿರಿಯರು. ಯೆಜ್ಡಿ ಮೋಟರ್ ಸೈಕಲ್ ತಯಾರಿಸುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ಅಲ್ಲಿದ್ದವರು. ಆಮೇಲೆ ಯೆಜ್ಡಿ ಸೀಟುಗಳಿಗೆ ಹೊದಿಕೆ ಹೊಲಿಯುತ್ತಲೇ ಈ ಕಸುಬಿಗೆ ಬಂದವರು. ಅವರು ಹಳೆಯ ಪ್ಯಾನೆಲನ್ನು ಅಳತೆಗೆ ಬಳಸಲು ಒಪ್ಪಲಿಲ್ಲ. ಉಬ್ಬಿ ಸೊಟ್ಟಗಾದದ್ದನ್ನು ನೋಡಿ ಕತ್ತರಿಸಿದರೆ ಸೊಟ್ಟಗಿನದ್ದೇ ಹುಟ್ಟುತ್ತದೆ ಎಂದರು. ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆ ತರಿಸಿ ಬಾಗಿಲಿಗೇ ಹಿಡಿದು ಅಳತೆ ತೆಗೆದರು.

ಕ್ಲಿಪ್‌ಗಳ ಜಾಗ ಗುರುತಿಸಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಮುಚ್ಚಳದಲ್ಲಿ ಕುಂಕುಮಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ಕಲಸಿದರು. ಬಾಗಿಲಿನ ಪ್ರತಿ ರಂಧ್ರದ ಅಂಚಿಗೂ ಬೆರಳ ತುದಿಯಿಂದ ಸವರಿದರು. ರಟ್ಟನ್ನು ನೇರಕ್ಕೆ ತಂದು, ಅಲುಗಾಡದಂತೆ ಅಂಗೈಯಿಂದ ಒಂದೊಂದೇ ಕಡೆ ಒತ್ತಿದರು. ರಟ್ಟು ತೆಗೆದಾಗ ಅದರ ಮೇಲೆ ಹನ್ನೊಂದು ಕೆಂಪು ಬಳೆಗಳು ಮೂಡಿದ್ದವು. ಪ್ರತಿ ಬಳೆಯ ನಡುವೆ ಪೆನ್ಸಿಲ್ ಚುಕ್ಕಿ. ಟೇಪು ಹಿಡಿದು ಅಳೆದಿದ್ದರೆ ಅಷ್ಟು ಕರಾರುವಾಕ್ಕಾಗಿ ಬರುತ್ತಿರಲಿಲ್ಲ. ಎಡಬಾಗಿಲಿನ ರಟ್ಟನ್ನೇ ಮಗುಚಿ ಬಲಕ್ಕೆ ಹಿಡಿದಾಗ ಮುಂದಿನ ಮೂಲೆಯಲ್ಲಿ 6 ಮಿಲಿಮೀಟರ್ ವ್ಯತ್ಯಾಸ ಬಂತು. ಕೈಯಲ್ಲಿ ಪದರ ಪದರವಾಗಿ ಎರೆದ ಫೈಬರ್‌ಗ್ಲಾಸ್ ಅಚ್ಚಿನಲ್ಲಿ ಎಡಬಲ ಒಂದೇ ಇರಬೇಕೆಂದಿಲ್ಲ. ಇಂಥ ಕಾರು ಇರುವವರು ಎರಡೂ ಬಾಗಿಲಿಗೆ ಬೇರೆ ಬೇರೆ ರಟ್ಟು ಕತ್ತರಿಸಿ.

ಹಲಗೆಗೆ 4 ಮಿಲಿಮೀಟರ್ ದಪ್ಪದ, ನೀರು ತಾಳುವ ಮೆರೈನ್ ಪ್ಲೈವುಡ್ ಆರಿಸಿದೆವು. ಕೊಳ್ಳುವಾಗ ಹಾಳೆಯ ಮೇಲೆ ಭಾರತೀಯ ಮಾನಕದ ಐಎಸ್ 710 ಎಂಬ ಮುದ್ರೆ ನೋಡಿಕೊಳ್ಳಿ. ಮನೆಯ ಬೀರುಗಳಿಗೆ ಬಳಸುವ ಸಾಮಾನ್ಯ ಪ್ಲೈವುಡ್ಡಿನದು ಐಎಸ್ 303. ಮೆರೈನ್ ಹಲಗೆಯ ಪದರಗಳನ್ನು ಫೀನಾಲ್ ರಾಳದಿಂದ ಅಂಟಿಸಿರುತ್ತಾರೆ, ನೀರಿನಲ್ಲಿ ಕುದಿಸಿದರೂ ಪದರ ಬಿಡಬಾರದು. ಒಂದು ತೊಡಕು ಬಂತು: ನನ್ನಲ್ಲಿದ್ದ ಕ್ಲಿಪ್‌ಗಳ ಬಾಯಿ 3 ಮಿಲಿಮೀಟರ್ ಹಲಗೆಗೆ ಮಾಡಿದ್ದು. ಪ್ರತಿ ರಂಧ್ರದ ಹಿಂದೆ ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಉಳಿಯಿಂದ ಒಂದು ಪದರ ಕೆತ್ತಿ, ಕೆತ್ತಿದ ಜಾಗಕ್ಕೆ ಮತ್ತೆ ವಾರ್ನಿಷ್ ಹೊಡೆಯಬೇಕಾಯಿತು. ಎರಡು ಬಾಗಿಲಿಗೆ ಇದೊಂದೇ ಕೆಲಸ ಒಂದು ದಿನ ತಿಂದಿತು.

ಇನ್ನು ನೀರಿನ ವಿಷಯ. ಬಾಗಿಲಿನೊಳಗೆ ನೀರು ಬರಲೇಬಾರದು ಎಂದು ನಾನು ತಿಳಿದಿದ್ದೆ. ಗಾಜಿನ ಸಂದಿಯ ರಬ್ಬರ್ ಪಟ್ಟಿ ಎಷ್ಟೇ ಹೊಸದಿರಲಿ, ಒಂದಿಷ್ಟು ನೀರು ಗಾಜಿನ ಮೈಗುಂಟ ಇಳಿದು ಬಾಗಿಲಿನ ಹೊಟ್ಟೆ ಸೇರಿಯೇ ಸೇರುತ್ತದೆ. ಎಲ್ಲ ಕಾರುಗಳಲ್ಲೂ ಹೀಗೆಯೇ. ಆ ನೀರು ಹೊರಹೋಗಲಿ ಎಂದೇ ಬಾಗಿಲಿನ ತಳದಲ್ಲಿ ರಂಧ್ರಗಳಿರುತ್ತವೆ. ಹೊಟ್ಟೆಗೂ ಪ್ಯಾನೆಲ್ಲಿಗೂ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಇರಬೇಕು. ಅದರ ಕೆಳಗಿನ ಅಂಚು ಬಾಗಿಲಿನ ಒಳಕ್ಕೆ ತೂರಿರಬೇಕು, ಹಾಳೆಯ ಮೇಲೆ ಬಿದ್ದ ಹನಿ ಜಾರಿ ಮತ್ತೆ ಹೊಟ್ಟೆಗೇ ಬೀಳುವಂತೆ. ನನ್ನ ಕಾರಿನಲ್ಲಿ ಆ ಹಾಳೆಯೇ ಇರಲಿಲ್ಲ. ಮೊದಲ ಅಂಗಡಿಯವರು ಹರಿದ ಹಾಳೆಯನ್ನು ಕಿತ್ತೆಸೆದು ಹೊಸದು ಹಾಕಿರಲಿಲ್ಲ. ಹಿರಿಯರು ದಪ್ಪ ಪಾಲಿಥೀನ್ ಹಾಳೆಯನ್ನು ಬ್ಯುಟೈಲ್ ಟೇಪಿನಿಂದ ಅಂಟಿಸಿದರು. ಆ ಕಪ್ಪು ಟೇಪು ಗಟ್ಟಿಯಾಗದೆ ಮೇಣದಂತೆಯೇ ಉಳಿಯುತ್ತದೆ, ಬೇಕಾದಾಗ ಬಿಚ್ಚಿ ಮತ್ತೆ ಒತ್ತಬಹುದು. ತಳದ ರಂಧ್ರಗಳಲ್ಲಿ ಕೂತಿದ್ದ ಕೆಸರನ್ನು ಸೈಕಲ್ಲಿನ ಕಡ್ಡಿಯಿಂದ ಬಿಡಿಸಿದರು. ಹಾಳೆ, ಟೇಪು ಎಲ್ಲ ಸೇರಿ ಖರ್ಚು 400 ರೂಪಾಯಿ ದಾಟಲಿಲ್ಲ. ಈ ಹಾಳೆ ಮೊದಲೇ ಇದ್ದಿದ್ದರೆ ಆ ಹಾರ್ಡ್‌ಬೋರ್ಡ್ ಕೂಡ ಇನ್ನಷ್ಟು ಕಾಲ ಬಾಳುತ್ತಿತ್ತು ಎಂದೇ ನನ್ನ ನಂಬಿಕೆ.

ಹೊದಿಕೆಗೆ ಸೋಫಾ ರೆಕ್ಸಿನ್ ಬೇಡವೆಂದು, ಹಿಂಬದಿಗೆ ಹೆಣೆದ ಬಟ್ಟೆ ಇರುವ, ಕಾರಿಗೆಂದೇ ಬರುವ ರೆಕ್ಸಿನ್ ತಂದೆವು. ಅದು ಎರಡೂ ದಿಕ್ಕಿಗೆ ಹಿಗ್ಗುವುದರಿಂದ ಮೂಲೆಗಳಲ್ಲಿ ನೆರಿಗೆ ಬೀಳುವುದಿಲ್ಲ. ಅಂಟು ಸಿಂಥೆಟಿಕ್ ರಬ್ಬರಿನದು, ಶಾಖ ತಡೆಯುವಂಥದ್ದು. ಹಲಗೆಗೂ ಬಟ್ಟೆಗೂ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಕೂಡಿಸಬೇಕು. ಒಮ್ಮೆ ತಾಗಿತೆಂದರೆ ಸರಿಸಲಾಗದು. ನನ್ನ ಕೈಯಿಂದ ಆಗುವ ಕೆಲಸವಲ್ಲ. ಅವರು ನಡುವಿನಿಂದ ಅಂಚಿಗೆ ನೀವುತ್ತಾ ಹೋದದ್ದನ್ನು ಉಸಿರು ಬಿಗಿಹಿಡಿದು ನೋಡಿದೆ.

ಕುಂದುಗಳನ್ನೂ ಹೇಳಬೇಕು. ಬಲಬಾಗಿಲಿನ ಮೇಲಂಚಿನಲ್ಲಿ, ಮೊಣಕೈ ಊರುವ ಕಡೆ, ಎರಡು ಅಂಗುಲದಷ್ಟು ರೆಕ್ಸಿನ್ ಮೂರನೆಯ ಬೇಸಿಗೆಯಲ್ಲಿ ಎದ್ದಿತು. ನಾನು ಚಾವಣಿ ಮಡಚಿ ಬಿಸಿಲಿನಲ್ಲಿ ನಿಲ್ಲಿಸುವುದು ಹೆಚ್ಚು. ಶಾಖಕ್ಕೆ ರೆಕ್ಸಿನ್ನಿನ ಒಳಗಿನ ಎಣ್ಣೆಯಂಥ ಅಂಶ ಹೊರಬಂದು ಅಂಟನ್ನು ಮೆತ್ತಗೆ ಮಾಡುತ್ತದಂತೆ. ಮೊದಲ ಎರಡು ತಿಂಗಳು ಅಂಟಿನ ವಾಸನೆಗೆ ತಲೆನೋವು ಬರುತ್ತಿತ್ತು. ಶ್ರೀರಂಗಪಟ್ಟಣದ ಕಡೆಯ ಒರಟು ರಸ್ತೆಯಲ್ಲಿ ಎಡ ಪ್ಯಾನೆಲ್ ಗಡಗಡಿಸುತ್ತಿತ್ತು. ಅಂಚಿಗೆ ಫೆಲ್ಟ್ ಪಟ್ಟಿ ಅಂಟಿಸಿದ ಮೇಲೆ ನಿಂತಿದೆ. ಪ್ಲೈವುಡ್ ಎರಡು ದಿಕ್ಕಿಗೆ ಬಾಗದ ಕಾರಣ ಹಳೆಯ ಪ್ಯಾನೆಲ್ಲಿನ ಉಬ್ಬುತಗ್ಗು ಹೋಗಿ ಇದು ಚಪ್ಪಟೆಯಾಗಿದೆ. ಮೂಲರೂಪವೇ ಬೇಕೆನ್ನುವವರು ಅಚ್ಚು ತೆಗೆದು ಫೈಬರ್‌ಗ್ಲಾಸಿನಲ್ಲೇ ಎರೆಸಬೇಕು.

ಸಮಯದ ಮಟ್ಟಿಗೆ ತಾಳ್ಮೆ ಬೇಕು. ಎರಡು ವಾರ ಎಂದದ್ದು ಏಳು ವಾರವಾಯಿತು. ಸೆಪ್ಟೆಂಬರ್‌ನಲ್ಲಿ ಕೊಟ್ಟದ್ದು ನನ್ನದೇ ತಪ್ಪು; ಆಯುಧಪೂಜೆಗೆ ಮೊದಲು ಮೈಸೂರಿನ ಅರ್ಧ ಗಾಡಿಗಳ ಸೀಟು ಅವರ ಶೆಡ್ಡಿಗೆ ಬರುತ್ತದೆ. ಒಟ್ಟು ಖರ್ಚು 14,600 ರೂಪಾಯಿ, ಅದರಲ್ಲಿ ಕೂಲಿ 8,000. ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ, ಅರ್ಧ ಅಂಕ ಆ ಮೊಣಕೈ ಜಾಗಕ್ಕೆ ಕಳೆದೆ.

ಕಳೆದ ಭಾನುವಾರ, ರಾತ್ರಿಯಿಡೀ ಮಳೆ ಸುರಿದ ಮರುಬೆಳಿಗ್ಗೆ, ಎಡಬಾಗಿಲಿನ ಪ್ಯಾನೆಲ್ ಬಿಚ್ಚಿ ನೋಡಿದೆ. ಪಾಲಿಥೀನಿನ ಆಚೆ ಮಗ್ಗುಲಲ್ಲಿ ಹನಿಗಳು ಸಾಲಾಗಿ ನಿಂತಿದ್ದವು. ಈಚೆ ಹಲಗೆಯನ್ನು ಅಂಗೈಯಿಂದ ಸವರಿದೆ, ಒಣಗಿತ್ತು; ಅವರು ಪೆನ್ಸಿಲ್ಲಿನಲ್ಲಿ ಬರೆದ ‘ಎಡ’ ಎಂಬ ಅಕ್ಷರ ಅಳಿಸದೆ ಹಾಗೆಯೇ ಇತ್ತು. ಬಲಬಾಗಿಲಿನ ಮೇಲಂಚು ಸರಿಮಾಡಿಸಬೇಕೆಂದು ಫೋನ್ ಮಾಡಿದರೆ, ದಸರಾ ಕಳೆದ ಮೇಲೆ ಬನ್ನಿ ಎಂದಿದ್ದಾರೆ.